ಬಹಿಷ್ಕಾರದ ಕುಂಕುಮ ಮಾರಿದ ಸುಂದರಾಬಾಯಿ

ಸುಂದರಾಬಾಯಿಯ ಮುತ್ತಜ್ಜಿ ಅಂಬವ್ವ ಕುಷ್ಟಗಿ ಸೀಮೆಯವಳು. ಒಂದು ಸಲ ಸರಕಾರಿ ಒಂಟೆಗಳ ಸಾಲು ಅವಳ ಹತ್ತಿ ಹೊಲಕ್ಕೆ ನುಗ್ಗಿ ಮೇಯತೊಡಗಿತು. ಅಂಬವ್ವ ಬೈಯಲಿಲ್ಲ, ಬಾಯಿ ಬಡಿದುಕೊಳ್ಳಲಿಲ್ಲ. ಮುಂದಿನ ಒಂಟೆಯ ಮೂಗುದಾರ ಹಿಡಿದಳು, ನೆಟ್ಟಗೆ ತಾಲೂಕು ಕಚೇರಿಗೆ ನಡೆಸಿಕೊಂಡು ಹೋದಳು, ತಹಸೀಲ್ದಾರನ ಅಂಗಳದ ಗುಲಾಬಿ ಗಿಡಕ್ಕೆ ಕಟ್ಟಿ ಬಂದಳು. ಒಂದರ ಬಾಲಕ್ಕೊಂದು ಕಟ್ಟಿದ್ದ ಒಂಟೆಗಳು ತಾವಾಗಿಯೇ ಹಿಂದೆ ಬಂದವು. ಗುಲಾಬಿ ಉಳಿಯಲಿಲ್ಲ, ಹತ್ತಿಗೆ ಮಾತ್ರ ಪರಿಹಾರ ಬಂತು.

ಅವಳ ಮಗ ಗುಂಡೇರಾಯ ಅದೇ ಊರಿನ ಕುಲಕರ್ಣಿ. ಜಾಗೀರದಾರ ಅವನನ್ನು ಕರೆಸಿ, ತೋಡದ ಬಾವಿಯನ್ನು ತೋಡಿದ್ದೇನೆಂದು ಬರೆ ಎಂದ. ಗುಂಡೇರಾಯ ಮರುಮಾತಿಲ್ಲದೆ ಬರೆದ. ಬರೆದ ಮೇಲೆ, ಆ ಬಾವಿಯ ನೀರು ಅಮೃತದಂತಿದೆ, ಸಾಹೇಬರು ಒಮ್ಮೆ ಬಂದು ಜಳಕ ಮಾಡಬೇಕು ಎಂದು ರಾಯಚೂರಿನ ದೊಡ್ಡ ಅಧಿಕಾರಿಗೆ ಆಮಂತ್ರಣ ಕಳಿಸಿದ. ಜಾಗೀರದಾರನಿಗೆ ಹಗಲೂ ರಾತ್ರಿ ಆಳು ಹಚ್ಚಿ ಬಾವಿ ತೋಡಿಸದೆ ಗತಿಯಿರಲಿಲ್ಲ.

ಗುಂಡೇರಾಯನ ಮಗ ಶ್ರೀನಿವಾಸ, ಮೂಸಿ ನದಿಗೆ ಮಹಾಪೂರ ಬಂದುಹೋದ ಮೇಲೆ ಹೈದರಾಬಾದಿಗೆ ಬಂದು ಪುರಸಭೆಯಲ್ಲಿ ನೌಕರಿ ಹಿಡಿದ. ಕಚೇರಿಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ಭಜನೆಗೆ ಮರಾಠಿ, ಸಿಟ್ಟು ಬಂದರೆ ಕನ್ನಡ. ಅವನ ಎರಡನೆಯ ಮಗಳೇ ಸುಂದರಾಬಾಯಿ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದರೂ ಅವಳ ನಾಲಿಗೆ ಮಾತ್ರ ಕುಷ್ಟಗಿ ಬಿಟ್ಟು ಕದಲಲಿಲ್ಲ.

ಅವಳನ್ನು ಒಬ್ಬ ಜಾಗೀರದಾರನ ದೇವಡಿಯ, ಎಂದರೆ ಅರಮನೆಯಂಥ ಮನೆಯ, ಗುಮಾಸ್ತ ಹನುಮಂತರಾಯನಿಗೆ ಕೊಟ್ಟರು. ಹನುಮಂತರಾಯ ಕೆಟ್ಟವನಲ್ಲ. ಆದರೆ ಊಟಕ್ಕೆ ಕೂತನೆಂದರೆ ಪಲ್ಯಕ್ಕೆ ಉಪ್ಪಿಲ್ಲ, ಸಾರಿಗೆ ಹುಳಿಯಿಲ್ಲ, ಅನ್ನಕ್ಕೆ ಹದವಿಲ್ಲ. ಉಂಡೆದ್ದು ಕೈ ತೊಳೆಯುವ ತನಕ ಒಂದೇ ರಾಗ. ಜಾಗೀರುಗಳು ಹೋಗಿ ದೇವಡಿಗೆ ಬೀಗ ಬಿದ್ದ ಮೇಲೆ ನೌಕರಿಯೂ ಹೋಯಿತು, ರಾಗ ಮಾತ್ರ ದಿನವಿಡೀ ಆಯಿತು. ಒಂದು ದಿನ ಇಳಿಹೊತ್ತು ಕೊಡೆ ತೆಗೆದುಕೊಂಡು, “ಇಲ್ಲೇ ಸುಲ್ತಾನ್ ಬಜಾರಕ್ಕ ಹೋಗಿ ಬರ್ತೀನಿ” ಎಂದು ಹೊರಟವನು ಬರಲಿಲ್ಲ. ಆ ದಿನವೂ ಬರಲಿಲ್ಲ, ಆ ವರ್ಷವೂ ಬರಲಿಲ್ಲ. ಕಾಶಿಯಲ್ಲಿದ್ದಾನೆ ಅಂದರು ಕೆಲವರು. ಮುಂಬಯಿಯಲ್ಲಿ ಖಾನಾವಳಿ ನಡೆಸುತ್ತಾನೆ ಅಂದರು ಕೆಲವರು. ಓಣಿಯ ಹಿರಿಯರಾದ ದತ್ತೋಪಂತರಂತೂ ಆಷಾಢದ ಯಾತ್ರೆಗೆ ಹೋಗಿ ಬಂದು, “ಪಂಢರಪುರದಾಗ ನನ್ನ ಕಣ್ಣಾರೆ ನೋಡೀನಿ, ಚಿಪಳಿ ಬಾರಿಸ್ಲಿಕ್ಕತ್ತಿದ್ದ” ಎಂದು ನಾಲ್ಕು ಮನೆಯಲ್ಲಿ ಚಹಾ ಕುಡಿದು ಹೇಳಿದರು.

ಸುಂದರಾಬಾಯಿ ಮೊದಲ ವರ್ಷ ಅತ್ತಳು. ಎರಡನೆಯ ವರ್ಷ ಅಳಲು ಪುರಸೊತ್ತಾಗಲಿಲ್ಲ. ಮೂರನೆಯ ವರ್ಷ ಒಂದು ದಿನ ಬದನೆಕಾಯಿ ಪಲ್ಯ ಮಾಡಿಕೊಂಡು, ತನಗೆ ಬೇಕಾದಷ್ಟೇ ಉಪ್ಪು ಹಾಕಿಕೊಂಡು, ಹಿತ್ತಲ ಬಾಗಿಲಲ್ಲಿ ಕೂತು ಉಣ್ಣುತ್ತಿರುವಾಗ ಅವಳಿಗೆ ಫಕ್ಕನೆ ಹೊಳೆಯಿತು: ಗಂಡ ಸತ್ತಿಲ್ಲ, ಆದ್ದರಿಂದ ತಲೆ ಬೋಳಿಸುವವರಿಲ್ಲ, ಗಂಡ ಮನೆಯಲ್ಲಿಲ್ಲ, ಆದ್ದರಿಂದ ಉಪ್ಪು ಎಣಿಸುವವರಿಲ್ಲ. ಇಂಥ ಆರಾಮಿನ ಮುತ್ತೈದೆತನ ಇಡೀ ನಿಜಾಮ ಸೀಮೆಯಲ್ಲಿ ಯಾರಿಗೂ ದಕ್ಕಿರಲಿಕ್ಕಿಲ್ಲ. ಮರುದಿನದಿಂದ ಹಣೆಯ ಕುಂಕುಮವನ್ನು ಇನ್ನಷ್ಟು ದೊಡ್ಡದು ಮಾಡಿದಳು.

ಹೊಟ್ಟೆಗೆ ದಾರಿ ಬೇಕಲ್ಲ. ಕೋಠಿಯ ಔಷಧಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ಕನ್ನಡ ಕಡೆಯವರು ಕಟ್ಟಿಸಿದ ಒಂದು ಮಾರುತಿ ಗುಡಿ, ಅದರ ಮೇಲೆ ‘ಸದ್ಭಕ್ತ ಸಮಾಜ’ದ ಸಭಾಗೃಹ. ಮೆಟ್ಟಿಲಿನ ಬದಿಗೆ ಬೀದಿಗೆ ಮುಖ ಮಾಡಿ ಒಂದು ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಅವಳು ಹೂಬತ್ತಿ, ಗೆಜ್ಜೆವಸ್ತ್ರ, ಊದಿನಕಡ್ಡಿ, ಕರ್ಪೂರ, ಅರಿಶಿನ, ಕುಂಕುಮ ಇಟ್ಟುಕೊಂಡು ಕೂತಳು. ಬತ್ತಿ ಹೊಸೆಯುವುದನ್ನು ಅವಳಿಗೆ ಕಲಿಸಿದವಳು ಅಕ್ಕ ಯಮುನಾಬಾಯಿ. ಗೊಂಬೆಯಾಡುವ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕೆಂಪು ಸೀರೆ ಉಟ್ಟು, ಬೋಳು ತಲೆಯ ಮೇಲೆ ಸೆರಗು ಎಳೆದುಕೊಂಡು, ತವರಿನ ಕತ್ತಲೆ ಕೋಣೆಯಲ್ಲಿ ಬತ್ತಿ ಹೊಸೆಯುತ್ತಲೇ ಅಕಾಲಕ್ಕೆ ಮುದುಕಿಯಾಗಿ ಸತ್ತವಳು. ಊರ ದೇವರಿಗೆಲ್ಲ ಅವಳು ಹೊಸೆದ ಬತ್ತಿ ಬೇಕಿತ್ತು, ದೇವರ ಮುಂದೆ ಅವಳು ಬೇಕಿರಲಿಲ್ಲ.

ಕಟ್ಟೆಯ ಮೇಲಿನ ಸಾಮಾನುಗಳಲ್ಲೆಲ್ಲ ಹೆಚ್ಚು ಹೋಗುತ್ತಿದ್ದುದು ‘ಚಂದ್ರಹಾರ’ ಕುಂಕುಮ. ಬಾಲಾನಗರದಲ್ಲಿ ರಾಮಕೃಷ್ಣಯ್ಯ ಎಂಬ ತೆಲುಗಿನವರು ಒಂದು ತಗಡಿನ ಶೆಡ್ಡಿನಲ್ಲಿ ಮಾಡಿಸುತ್ತಿದ್ದರು. ಹೈದರಾಬಾದಿನ ಬೇಸಗೆಯಲ್ಲೂ ಅದು ಬೆವರಿಗೆ ಕರಗಿ ಮೂಗಿಗಿಳಿಯುತ್ತಿರಲಿಲ್ಲ; ಹಣೆ ಉರಿಯುತ್ತಿರಲಿಲ್ಲ, ಕೆರೆಯುತ್ತಿರಲಿಲ್ಲ. ದುಂಡು ಡಬ್ಬಿ, ಮುಚ್ಚಳದ ಮೇಲೆ ಲಕ್ಷ್ಮಿ. ಡಬ್ಬಿಯ ತಳದಲ್ಲಿ ತೆಲುಗಿನಲ್ಲಿ ಸಣ್ಣಕ್ಷರದ ಒಂದು ಸಾಲು. ಸುಂದರಾಬಾಯಿ ಅದನ್ನು ಮೊದಲನೆಯ ದಿನವೇ ಕೂಡಿಸಿ ಕೂಡಿಸಿ ಓದಿದ್ದಳು. ಓದಿ, ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, ಸೆಟೆದು ಕೂತು ಮಾರತೊಡಗಿದ್ದಳು. ಬೇರೆ ಯಾರೂ ತಳ ನೋಡಲಿಲ್ಲ. ಹೆಂಗಸರು ಮುಚ್ಚಳ ತೆಗೆಯುವರು, ಹಚ್ಚಿಕೊಳ್ಳುವರು, ಮುಚ್ಚುವರು. ಉರ್ದು-ಫಾರಸಿ ಅರೆದು ಕುಡಿದ ಗಂಡಸರು ಕುಂಕುಮದ ಡಬ್ಬಿಯನ್ನು ಯಾತಕ್ಕೆ ಮುಟ್ಟಿಯಾರು?

ಹೀಗಿರಲು ಅರವತ್ತಾರನೆಯ ಇಸವಿಯ ಚೈತ್ರ ಬಂತು. ನಮ್ಮ ಕಡೆಯವರ ಮನೆಗಳಲ್ಲಿ ಚೈತ್ರದ ತದಿಗೆಗೆ ಗೌರಿಯನ್ನು ಕೂಡಿಸಿದರೆ ಅಕ್ಷಯ ತದಿಗೆಯವರೆಗೆ ತಿಂಗಳು ಪೂರ್ತಿ ಅರಿಶಿನ ಕುಂಕುಮದ ಸಡಗರ. ಇಂದು ಇವರ ಮನೆ, ನಾಳೆ ಅವರ ಮನೆ. ಕೋಸಂಬರಿ, ಪಾನಕ, ಉಡಿ ತುಂಬ ನೆನೆಗಡಲೆ. ಆ ದಿನ ಸಮಾಜದ ಅಧ್ಯಕ್ಷರಾದ ದತ್ತೋಪಂತರ ಮನೆಯಲ್ಲಿ. ಅವರ ಹೆಂಡತಿ ಮಂದಾಕಿನಿಬಾಯಿ ಒಬ್ಬೊಬ್ಬರಿಗೇ ಅರಿಶಿನ ಕೊಟ್ಟು ಬರುತ್ತಿದ್ದರು; ಹಿಂದಿನಿಂದ ಹೊಸ ಸೊಸೆ ನಳಿನಿ ಕುಂಕುಮದ ಡಬ್ಬಿ ಹಿಡಿದು ಬರುತ್ತಿದ್ದಳು. ನಳಿನಿ ಆದವಾನಿಯ ಹುಡುಗಿ, ಸಾಲೆಯಲ್ಲಿ ತೆಲುಗು ಓದಿದವಳು. ಡಬ್ಬಿಯ ತಳ ಕಣ್ಣಿಗೆ ಬಿತ್ತು. ಹುಡುಗಿಗೆ ಕಂಡದ್ದನ್ನು ಓದುವ ಚಟ.

“ಅತ್ಯಾರ, ಇಲ್ಲಿ ನೋಡ್ರಿ, ಏನೋ ಛಲೋ ಬರದಾರ. ‘ಈ ಡಬ್ಬಿಯ ಲಾಭದಾಗ ಒಂದು ಪಾಲು ಗಂಡ ಸತ್ತ ಹೆಣ್ಣುಮಕ್ಕಳ ಮರುಮದುವಿಗೆ’ ಅಂತ.”

ಬಾಯಿಗೆ ಹೋದ ಕೋಸಂಬರಿ ಬಾಯಲ್ಲೇ ನಿಂತಿತು. ಕಿವಿ ಮಂದವಾದ ತುಳಸಾಬಾಯಿ ಎಂಬ ಮುದುಕಿಯೊಬ್ಬಳೇ, “ಯಾರ ಮದುವಿ? ಊಟ ಎಲ್ಲಿ?” ಎಂದು ಕೇಳಿದಳು.

ಮಂದಾಕಿನಿಬಾಯಿ ಗಾಬರಿಯಲ್ಲಿ ಸೆರಗಿನ ತುದಿಯಿಂದ ಹಣೆ ಒರೆಸಿಕೊಳ್ಳಲು ಹೋದರು. ಅರ್ಧ ಒರೆಸಿದ ಮೇಲೆ, ಮುತ್ತೈದೆ ತನ್ನ ಕೈಯಾರೆ ಕುಂಕುಮ ಒರೆಸಿದರೆ ಗಂಡನಿಗೆ ಕೇಡು ಎಂಬುದು ನೆನಪಾಗಿ ಕೈ ಅಲ್ಲೇ ನಿಂತಿತು. ಒರೆಸಿದರೆ ಗಂಡ ಉಳಿಯಲಿಕ್ಕಿಲ್ಲ, ಒರೆಸದಿದ್ದರೆ ಧರ್ಮ ಉಳಿಯಲಿಕ್ಕಿಲ್ಲ. ಹಾಗೆಯೇ ಅರ್ಧ ಕುಂಕುಮದಲ್ಲಿ ಸುಂದರಾಬಾಯಿಯ ಕಡೆ ತಿರುಗಿದರು.

“ಸುಂದ್ರಕ್ಕಾ, ಇದು ನಿನಗ ಗೊತ್ತಿತ್ತೇನ?”

ಸುಂದರಾಬಾಯಿ ಕೋಸಂಬರಿಯ ಹಸಿಮೆಣಸಿನಕಾಯಿ ಆರಿಸಿ ಬದಿಗಿಟ್ಟಳು. “ಡಬ್ಬಿ ಮ್ಯಾಲೇ ಬರದಾರಲ್ರೀ ವೈನಿ, ನಾ ಎಲ್ಲಿ ಮುಚ್ಚಿಟ್ಟೀನಿ? ತಲಿಕೆಳಗ ಮಾಡಿ ನೋಡಿದ್ರ ನಿಮಗೂ ಕಾಣತಿತ್ತು.”

“ಅಯ್ಯ ನನ್ನ ಕರ್ಮ! ಇಷ್ಟ ವರ್ಷ ನಮ್ಮ ರೊಕ್ಕದಾಗ ರಂಡೇರ ಮದುವಿ ಆಗ್ಯಾವೇನ?”

“ಆಗಿರಬೇಕ್ರಿ. ನಿಮಗ ಭಾಳ ಪುಣ್ಯ ಬಂದಿರಬೇಕು” ಎಂದು ಸುಂದರಾಬಾಯಿ ಪಾನಕಕ್ಕೆ ಕೈಚಾಚಿದಳು.

ಸಂಜೆಯೇ ಸಮಾಜದ ಸಭೆ ಸೇರಿತು. ಕುಂಕುಮದ ವಿಷಯ ಗಂಟೆಗಟ್ಟಲೆ ಮಾತಾಡಿದ ಆ ಹಿರಿಯರಲ್ಲಿ ಒಬ್ಬನೂ ಜನ್ಮದಲ್ಲಿ ಕುಂಕುಮ ಕೊಂಡವನಲ್ಲ. ಹಾಗಿದ್ದೂ ಠರಾವು ಖಡಕ್ಕಾಗಿ ಆಯಿತು: ಸಮಾಜದ ಯಾವ ಮನೆಯವರೂ ಚಂದ್ರಹಾರ ಕುಂಕುಮ ಕೊಳ್ಳತಕ್ಕದ್ದಲ್ಲ, ಸಮಾಜದ ಕಟ್ಟೆಯ ಮೇಲೆ ಅದನ್ನು ಮಾರತಕ್ಕದ್ದಲ್ಲ.

ಠರಾವು ಹೇಳಲು ದತ್ತೋಪಂತರೇ ಕಟ್ಟೆಗೆ ಬಂದರು. ಲೆಕ್ಕಪತ್ರದ ಕಚೇರಿಯಲ್ಲಿ ಪೇಶ್ಕಾರರಾಗಿ ನಿವೃತ್ತರಾದವರು. ತಲೆಗೆ ಕರೀ ಟೊಪ್ಪಿಗೆ, ಕೈಯಲ್ಲಿ ನಶ್ಯದ ಡಬ್ಬಿ. ರಕ್ತದೊತ್ತಡ ಇದೆಯೆಂದು ಡಾಕ್ಟರು ಹೇಳಿದಂದಿನಿಂದ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡೇ ಹತ್ತುವವರು.

“ಸುಂದರಾಬಾಯಿ, ಆ ಕುಂಕುಮ ಇನ್ನ ಇಲ್ಲಿ ಕಾಣಬಾರದು ನೋಡು. ಕಂಡರ ಈ ಕಟ್ಟಿ ನೀ ಬಿಡಬೇಕಾಗ್ತದ.”

ಕಟ್ಟೆ ಹೋದರೆ ಸುಂದರಾಬಾಯಿಗೆ ಇನ್ನೊಂದು ಕಟ್ಟೆ ಇಲ್ಲ. ತವರು ಮುರಿದಿತ್ತು, ಬಾಡಿಗೆಯ ಕೋಣೆಗೆ ಕಟ್ಟೆಯೇ ಆಧಾರ. ಅದಕ್ಕಿಂತ ಹೆಚ್ಚಾಗಿ, ಕಟ್ಟೆಯ ಮೇಲೆ ಕೂತಾಗಷ್ಟೇ ಅವಳು ಯಾರ ಹೆಂಡತಿ, ಯಾರ ಮಗಳು ಎಂದು ಯಾರೂ ಕೇಳುತ್ತಿರಲಿಲ್ಲ. ಕರ್ಪೂರ ಎಷ್ಟಕ್ಕೆ ಎಂದು ಕೇಳುತ್ತಿದ್ದರು. ಆದರೆ ಒಳಗಿನ ಹೆದರಿಕೆ ಮುಖಕ್ಕೆ ಬರದಂತೆ ನೋಡಿಕೊಳ್ಳುವುದು ಅವಳಿಗೆ ಗೊತ್ತಿತ್ತು.

“ಮಾರಬ್ಯಾಡ ಅಂದ್ರ ಮಾರೂದಿಲ್ರಿ ಪಂತರ. ನನಗ ಕುಂಕುಮ ಏನು, ಬೂದಿ ಏನು! ಬ್ಯಾರೆ ಯಾವದು ಮಾರಲಿ, ನೀವs ಹೇಳ್ರಿ.”

ದತ್ತೋಪಂತರು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಉಬ್ಬಿಹೋದರು. ತಾವೇ ಬೇಗಂ ಬಜಾರಕ್ಕೆ ಹೋಗಿ, ಒಬ್ಬ ಸೇಠಜಿಯ ಹತ್ತಿರ ‘ಶುದ್ಧ ಕುಂಕುಮ’ದ ಒಂದು ಚೀಲವನ್ನೇ ತಂದು ಕಟ್ಟೆಯ ಮೇಲಿಳಿಸಿದರು.

ಅದು ವೈಶಾಖದ ಹೊಸ್ತಿಲಿನ ಬಿಸಿಲು. ಶುದ್ಧ ಕುಂಕುಮ ಬೆಳಗಿನ ಜಾವ ಹಣೆಯಲ್ಲಿರುತ್ತಿತ್ತು, ಅಡಿಗೆ ಮುಗಿಯುವ ಹೊತ್ತಿಗೆ ಮೂಗಿನ ತುದಿಗೆ ಬರುತ್ತಿತ್ತು, ಸಂಜೆಯ ಹೊತ್ತಿಗೆ ಗದ್ದದಲ್ಲಿ ತಂಗುತ್ತಿತ್ತು. ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಮಂದಾಕಿನಿಬಾಯಿಯನ್ನು ನೋಡಿ, ಎಲ್ಲಿ ಬಿದ್ದಿರಿ, ಆಸ್ಪತ್ರೆಯ ಹತ್ತಿರ ಇಳಿಸಲೇ ಎಂದು ಕೇಳಿದ. ಒಂದು ವಾರದಲ್ಲಿ ಓಣಿಯ ಹಣೆಗಳೆಲ್ಲ ಗುಳ್ಳೆ ಎದ್ದು, ಹೆಂಗಸರು ಕುಂಕುಮದ ಸುತ್ತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಿರುಗತೊಡಗಿದರು.

ಇತ್ತ ಸುಂದರಾಬಾಯಿ ಹತ್ತಿ ತರಲು ಬೇಗಂ ಬಜಾರಕ್ಕೆ ಹೋದಾಗಲೆಲ್ಲ ಸಿಕ್ಕವರ ಹತ್ತಿರ ನಿಂತು ಹರಟಿದಳು. ವ್ಯಾಪಾರಿಗಳಿಗೆ ತಮ್ಮ ಗುಟ್ಟು ಮುಚ್ಚಿಡಬೇಕೆಂಬ ಆಸೆಯಷ್ಟೇ ಪಕ್ಕದ ಅಂಗಡಿಯವನ ಗುಟ್ಟು ಬಿಚ್ಚಬೇಕೆಂಬ ಆಸೆಯೂ ಇರುತ್ತದೆ. ತಿರುಗಿ ಬಂದವಳು ಕಟ್ಟೆಯ ಮೇಲೆ ಕೂತು, ಗಿರಾಕಿ ಬಂದ ಕೂಡಲೆ ಕೈಮುಗಿದು ಹೇಳುವಳು:

“ತಂಗೀ, ಧರ್ಮದ ಮಾತು, ಮೊದಲs ಹೇಳಿಬಿಡತೀನಿ. ಈ ಶುದ್ಧ ಕುಂಕುಮದ ಸೇಠಜಿ ಲಾಭ ಎಲ್ಲಾ ಮಲಕಪೇಟಿ ಕುದರಿ ರೇಸಿಗೆ ಹಾಕತಾನ. ಕುದರಿಗೆ ಪುಣ್ಯ ಬರಲಿ ಅಂತಿದ್ರ ತಗೋ.”

“ಕುದರಿ ರೇಸಿಗಾ? ಅಯ್ಯ! ಹೋಗ್ಲಿ, ಊದಿನಕಡ್ಡಿ ಕೊಡ್ರಿ.”

“ಊದಿನಕಡ್ಡಿಯಾಂವ ನಾಟಕ ಕಂಪನಿ ಇಟ್ಟಾನ. ಅದರಾಗ ಹೆಣ್ಣಮಕ್ಕಳು ಗಂಡಸರ ವೇಷ ಹಾಕಿ ಮೀಸಿ ತಿರುವತಾರಂತ.”

“ಹಂಗಾರ ಕರ್ಪೂರ?”

“ಕರ್ಪೂರದ ಸಾವಕಾರ ಮಗಳನ್ನ ರಜಿಸ್ಟ್ರಿ ಕಚೇರ್ಯಾಗ ಕೊಟ್ಟ. ಹೋಮ ಇಲ್ಲ, ಸಪ್ತಪದಿ ಇಲ್ಲ, ಒಂದು ಸಹಿ! ನಿನ್ನ ಆರತಿಯಾಗ ಆ ಸಹಿ ಉರೀತೈತಿ ನೋಡು.”

ಗಿರಾಕಿಗಳು ತಲೆ ಕೆಡಿಸಿಕೊಂಡು ಬರಿಗೈಯಲ್ಲಿ ಹೋಗತೊಡಗಿದರು. ವ್ಯಾಪಾರ ಬಿತ್ತು, ಸುಂದರಾಬಾಯಿಯ ಒಲೆಯೂ ಒಪ್ಪತ್ತಿಗಿಳಿಯಿತು. ಆದರೆ ಮಾತು ಮನೆ ಮನೆ ಹೊಕ್ಕಿತು. ಹೆಂಗಸರು ಗಂಡಸರನ್ನು ಕೇಳತೊಡಗಿದರು: ನಿಮ್ಮ ಧೋತರದ ಗಿರಣಿಯವನಿಗೆ ಎಷ್ಟು ಹೆಂಡಿರು? ನಿಮ್ಮ ಚಹಾಪುಡಿಯವನು ಯಾರಿಗೆ ದಾನ ಕೊಡುತ್ತಾನೆ? ಒಂದು ಮನೆಯಲ್ಲಿ ಬೆಳಗಿನ ಚಹಾ ನಿಂತೇಹೋಗಿ, ಗಂಡ ಹತ್ತಿರದ ಇರಾನಿ ಹೋಟೆಲಿನಲ್ಲಿ ಕದ್ದು ಕುಡಿದು ಬರುವ ಹಾಗಾಯಿತು.

ದತ್ತೋಪಂತರು ಕೆಂಡವಾಗಿ ಕಟ್ಟೆಗೆ ಬಂದರು. ಸಿಟ್ಟು ಇಳಿಸಲೆಂದು ಮೊದಲು ಒಂದು ಚಿಟಿಕೆ ನಶ್ಯ ತೆಗೆದರು.

“ಅಯ್ಯ ಪಂತರ, ಏರಸಬ್ಯಾಡ್ರಿ, ಏರಸಬ್ಯಾಡ್ರಿ!” ಎಂದು ಸುಂದರಾಬಾಯಿ ಎದ್ದು ನಿಂತಳು. “ಆ ನಶ್ಯದ ಕಂಪನಿಯಾಂವ ಯಾರಂತ ಗೊತ್ತೈತೇನ್ರಿ? ಹೋದ ವರ್ಷ ತನ್ನ ಸ್ವಂತ ವಿಧವಾ ಸೊಸಿಗೆ ತಾನs ಮುಂದ ನಿಂತು ಮದುವಿ ಮಾಡ್ಯಾನ. ಬಾಲಾನಗರದ ರಾಮಕೃಷ್ಣಯ್ಯನವರs ಹೋಗಿ ಅಕ್ಕಿಕಾಳ ಹಾಕಿ ಬಂದಾರ.”

ಚಿಟಿಕೆ ಮೂಗಿನ ಬಾಗಿಲಲ್ಲೇ ನಿಂತಿತು. ದತ್ತೋಪಂತರ ಮೂಗು ಬೇಕು ಅನ್ನುತ್ತಿತ್ತು, ಠರಾವು ಬೇಡ ಅನ್ನುತ್ತಿತ್ತು. ಕೊನೆಗೆ ಮೂಗೇ ಗೆದ್ದಿತು. ಸೀನಿ, ಕಣ್ಣೊರೆಸಿಕೊಂಡು ಹೇಳಿದರು: “ನಶ್ಯದ ಮಾತು ಬ್ಯಾರೆ ಅದ. ನಶ್ಯ ಔಷಧ.”

“ಹಂಗಾರ ಮೂಗಿಗೆ ಮಾಫಿ, ಹಣಿಗೆ ಶಿಕ್ಷಾ ಅನ್ರಿ.”

ಮೆಟ್ಟಿಲ ಮೇಲೆ ಕೂತಿದ್ದ ನಾಲ್ಕು ಮಂದಿ ನಕ್ಕುಬಿಟ್ಟರು. ಪೇಶ್ಕಾರಿಕೆ ಮಾಡಿದ ಮನುಷ್ಯ ಏನನ್ನಾದರೂ ಸಹಿಸಿಯಾನು, ಮೆಟ್ಟಿಲ ಮೇಲಿನ ನಗೆ ಸಹಿಸಲಾರ. ದತ್ತೋಪಂತರು ಕೊಡೆಯನ್ನು ಕಲ್ಲಿಗೆ ಕುಟ್ಟಿದರು.

“ಸಾಕು ಮಾಡು! ಧರ್ಮದ ಚ್ಯಾಷ್ಟಿ ಮಾಡ್ತೀಯೇನು? ಅಕ್ಷಯ ತದಿಗಿ ಮುಗಿದ ಮರುದಿವಸ ಕಟ್ಟಿ ಖಾಲಿ ಆಗಿರಬೇಕು. ಇದು ನನ್ನ ಹುಕುಂ. ಗಂಡ ಎಲ್ಲಿದ್ದಾನಂತ ಪತ್ತೆ ಇಲ್ಲ, ಹಣಿ ತುಂಬ ಕುಂಕುಮ! ಹನ್ನೆರಡು ವರ್ಷ ಕಳದರ ಸತ್ತಾನಂತ ತಿಳಕೊಂಡು ದರ್ಭಿ ಗೊಂಬಿ ಸುಟ್ಟು ಕರ್ಮಾ ಮಾಡಬೇಕಂತ ಶಾಸ್ತ್ರ ಅದ, ತಿಳೀತೇನು?”

ಅವರು ಹೋದ ಮೇಲೆ ಸುಂದರಾಬಾಯಿ ಬತ್ತಿ ಹೊಸೆಯಲು ಕೂತಳು. ಬತ್ತಿ ಸರಿಯಾಗಿ ಬರಲೇ ಇಲ್ಲ. ಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರಿದಳು. ಬಿಸಿಲಿಗೆ ಕಾದು ದೋಸೆಯ ಹಂಚಿನಂತಾಗಿತ್ತು. ಅದರ ಮೇಲೆ ತಾನು ಕೂತ ಜಾಗ ಮಾತ್ರ ಸವೆದು ನುಣುಪಾಗಿತ್ತು. ಈ ನುಣುಪು ಬಿಟ್ಟು ಎಲ್ಲಿಗೆ ಹೋಗುವುದು? ಬುಟ್ಟಿ ಕಟ್ಟಿಕೊಂಡು ಎದ್ದಾಗ ಅವಳ ಮುಖದಲ್ಲಿ ಮುತ್ತಜ್ಜಿ ಒಂಟೆಯ ಮೂಗುದಾರ ಹಿಡಿದಾಗ ಇದ್ದಿರಬಹುದಾದ ಕಳೆ ಇತ್ತು.

ಮರುದಿನ ಅವಳು ತುಳಸಾಬಾಯಿಯ ಮನೆಗೆ ಹೋದಳು, ನಳಿನಿಯ ಹತ್ತಿರ ಹೋದಳು, ಓಣಿಯ ಒಂದು ಮನೆಯನ್ನೂ ಬಿಡಲಿಲ್ಲ. “ಅಕ್ಷಯ ತದಿಗಿ ದಿನ ನಮ್ಮ ಕಟ್ಟಿ ಮ್ಯಾಲ ಚೈತ್ರಗೌರಿ ಕೂಡಸತೀನ್ರಿ. ಅರಿಶಿನ ಕುಂಕುಮಕ್ಕ ಬರ್ರಿ. ನಾ ಕಟ್ಟಿ ಬಿಟ್ಟು ಹೋಗಾಕಿ, ಕಡೀ ಸರತಿ ಕರೀತೀನಿ” ಎಂದಳು. ಕುಂಕುಮ ಯಾವುದು ಎಂದು ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಕುಂಕುಮಕ್ಕೆ ಕರೆದರೆ ಮುತ್ತೈದೆ ಹೋಗಲೇಬೇಕು. ಎದುರಿಗೆ ಹಿಡಿದ ಕುಂಕುಮಕ್ಕೆ ಒಲ್ಲೆ ಅನ್ನುವಂತಿಲ್ಲ. ಅಂದರೆ ಗಂಡನ ಆಯುಷ್ಯಕ್ಕೇ ಒಲ್ಲೆ ಅಂದಂತೆ. ಇದನ್ನು ಯಾವ ಸಭೆಯೂ ಠರಾವು ಮಾಡಿದ್ದಲ್ಲ, ಆದ್ದರಿಂದ ಯಾವ ಸಭೆಗೂ ರದ್ದು ಮಾಡಲು ಬರುವುದಿಲ್ಲ.

ಅಕ್ಷಯ ತದಿಗೆಯ ಸಂಜೆ ಕಟ್ಟೆಯ ಮೇಲೆ ಮಾವಿನ ತಳಿರು ಕಟ್ಟಿತ್ತು. ಹಳೆಯ ರೇಶಿಮೆ ಸೀರೆಯ ಅಂಚಿನ ಮಂಟಪ, ಒಳಗೆ ಪುಟ್ಟ ಹಿತ್ತಾಳೆ ಗೌರಿ. ಒಂದು ಪರಾತದ ತುಂಬ ಕೋಸಂಬರಿ, ಎರಡು ಕೊಡ ಪಾನಕ. ಗೌರಿಯ ಎದುರಿಗೆ, ಮಾರದೆ ಉಳಿದಿದ್ದ ಚಂದ್ರಹಾರದ ಡಬ್ಬಿಗಳೆಲ್ಲ ಸಾಲಾಗಿ, ತಲೆಕೆಳಗಾಗಿ, ತಳದ ಸಾಲು ಎಲ್ಲರಿಗೂ ಕಾಣುವಂತೆ.

ಮೊದಲು ಬಂದವಳು ತುಳಸಾಬಾಯಿ. ಊಟ ಇದೆಯೆಂದೇ ತಿಳಿದು ಬಂದಿದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಗುಳ್ಳೆಯ ಹಣೆಯ ಮೇಲೆ ಸೆರಗು ಎಳೆದುಕೊಂಡು ಬಂದರು. ಬಂದು ನೋಡಿದರೆ ಇಡೀ ಓಣಿಯೇ ಅಲ್ಲಿತ್ತು. ನಳಿನಿ ಅತ್ತೆಯ ಕೈ ಹಿಡಿದು ಎಳೆದುಕೊಂಡೇ ಬಂದಳು. ಮಂದಾಕಿನಿಬಾಯಿ ಕೂತರು, ಕೂತ ಮೇಲೆ ಡಬ್ಬಿಗಳನ್ನು ನೋಡಿದರು, ನೋಡಿ ಎದ್ದೇಳಲು ಹವಣಿಸುವಷ್ಟರಲ್ಲಿ ಬೀದಿಯ ಆಚೆ ಬದಿಗೆ ದತ್ತೋಪಂತರು ಪ್ರತ್ಯಕ್ಷರಾದರು.

ಅರಿಶಿನ ಕುಂಕುಮದ ನಡುವೆ ಗಂಡಸು ಕಾಲಿಡುವಂತಿಲ್ಲ. ಆದ್ದರಿಂದ ಗಟಾರದ ಆಚೆಗೇ ನಿಂತು, ಕೊಡೆ ಮೇಲೆತ್ತಿ ಕೂಗಿದರು: “ಏ ಇವಳೇ! ಏಳು ಮ್ಯಾಲ! ಆ ಕುಂಕುಮ ಹಚ್ಚಿಕೋಬ್ಯಾಡ! ಆಕಿ ಮುತ್ತೈದಿ ಹೌದೋ ಅಲ್ಲೋ ಯಾರಿಗೆ ಗೊತ್ತು?”

ಸುಂದರಾಬಾಯಿಯ ಕೈಯಲ್ಲಿ ಕುಂಕುಮದ ಚಿಟಿಕೆ ಇತ್ತು. ಅವಳು ಅದನ್ನು ಹಾಗೆಯೇ ಹಿಡಿದುಕೊಂಡು, ಬಹಳ ಮೆತ್ತಗೆ ಕೇಳಿದಳು:

“ಪಂತರ, ಪಂಢರಪುರದಾಗ ನಮ್ಮವರು ಚಿಪಳಿ ಬಾರಸತಿದ್ರು, ಕಣ್ಣಾರೆ ನೋಡೀನಿ ಅಂತ ಹೇಳಿದವರು ಯಾರ್ರಿ? ಆವಾಗ ನೋಡಿದ್ದು ನಮ್ಮವರನ್ನೋ, ಅವರ ದರ್ಭಿ ಗೊಂಬೀನೋ?”

ತುಳಸಾಬಾಯಿಗೂ ಅದು ಕೇಳಿಸಿತು. “ಹೌದ, ಹೌದ! ನಮ್ಮ ಮನ್ಯಾಗ ಚಹಾ ಕುಡದು ಹೇಳಿದ್ದ. ಎರಡು ಬಟ್ಟಲ ಕುಡದಿದ್ದ!” ಎಂದಳು.

ಸುಳ್ಳು ಹೇಳಿದ್ದೆ ಎಂದು ದತ್ತೋಪಂತರು ಅನ್ನುವಂತಿಲ್ಲ. ನಿಜ ಹೇಳಿದ್ದೆ ಅಂದರೆ ಸುಂದರಾಬಾಯಿ ಮುತ್ತೈದೆ. ಆ ಸಂದಿನಲ್ಲಿ ಸುಂದರಾಬಾಯಿ ಮಂದಾಕಿನಿಬಾಯಿಯ ಹಣೆಯ ಎದುರಿಗೆ ಚಿಟಿಕೆ ಹಿಡಿದಳು.

“ವೈನಿ, ತಗೋತೀರೋ, ಒಲ್ಲೆ ಅಂತೀರೋ? ಒತ್ತಾಯ ಇಲ್ರಿ. ಒಲ್ಲೆ ಅಂದ್ರ ನನಗೇನೂ ಆಗೂದಿಲ್ಲ.”

ಮಂದಾಕಿನಿಬಾಯಿ ಗಂಡನ ಕಡೆ ತಿರುಗಿದರು. ಮದುವೆಯಾದಾಗಿನಿಂದ ಗಂಡನಿಗೆ ಎದುರಾಡದ ಹೆಂಗಸು. ಈಗಲೂ ಎದುರಾಡಲಿಲ್ಲ, ಬರೀ ಅಪ್ಪಣೆ ಕೇಳಿದರು, ಅದೂ ಓಣಿಗೆಲ್ಲ ಕೇಳುವ ಹಾಗೆ: “ಏನ್ರೀ, ಕುಂಕುಮಕ್ಕ ಒಲ್ಲೆ ಅನ್ನಲೇನು? ನಿಮ್ಮ ಬಾಯಿಂದ ಹೇಳಿಬಿಡ್ರಿ. ನಾಳಿಗೆ ಏನರೆ ಹೆಚ್ಚುಕಮ್ಮಿ ಆದರ ಮಂದಾಕಿನಿ ತಾನs ಬ್ಯಾಡ ಅಂದಳು ಅಂತ ಆಗಬಾರದು.”

ದತ್ತೋಪಂತರ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಎದೆ ಡವಡವ ಬಡಿಯುತ್ತಿತ್ತು. ಡಾಕ್ಟರು ಹೇಳಿದ್ದು ನೆನಪಾಯಿತು, ಹೋದ ತಿಂಗಳು ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟದ್ದು ನೆನಪಾಯಿತು. ಎಲ್ಲ ಹೆಂಗಸರೂ ಅವರನ್ನೇ ನೋಡುತ್ತಿದ್ದರು, ಹೋಗುವವನನ್ನು ನೋಡುವ ಹಾಗೆ.

“ತಗೋ” ಎಂದರು. ಎತ್ತಿದ ಕೊಡೆ ಇಳಿಸಿ ಕೂಗಿದರು: “ತಗೋ, ತಗೋ! ಲಗೂನ ತಗೋ! ಎಷ್ಟೊತ್ತು ಹಂಗs ಕೂಡ್ತಿ? ದೊಡ್ಡದು ಹಚ್ಚಿಸಿಕೋ!”

ಕಟ್ಟೆಯ ಮೇಲೆ ಎದ್ದ ನಗೆ ಕೋಠಿಯ ಬಸ್ ನಿಲ್ದಾಣದ ತನಕ ಹೋಯಿತು. ನಕ್ಕು ನಕ್ಕು ನಳಿನಿಗೆ ಪಾನಕ ನೆತ್ತಿಗೇರಿತು. ಸುಂದರಾಬಾಯಿ ಮಂದಾಕಿನಿಬಾಯಿಯ ಹಣೆಗೆ ಬೆಳ್ಳಿ ರೂಪಾಯಿಯಷ್ಟು ಅಗಲ ಕುಂಕುಮ ಹಚ್ಚಿದಳು. ಗುಳ್ಳೆಯ ಮೇಲೆ ತಣ್ಣಗಾಗಿ ಆಕೆ ಕಣ್ಣು ಮುಚ್ಚಿ, “ಹಾಯ್” ಎಂದು ಉಸಿರುಬಿಟ್ಟರು.

ಕಟ್ಟೆ ಖಾಲಿ ಮಾಡಿಸಲು ಮರುದಿನ ಯಾರೂ ಬರಲಿಲ್ಲ. ಠರಾವನ್ನು ಯಾರೂ ರದ್ದು ಮಾಡಲೂ ಇಲ್ಲ. ಅದು ಬಿಸಿಲಿಗಿಟ್ಟ ಹಪ್ಪಳದಂತೆ ತಾನಾಗಿ ಒಣಗಿತು. ಶುದ್ಧ ಕುಂಕುಮದ ಚೀಲ ಹೋಳಿ ಹುಣ್ಣಿವೆಯ ತನಕ ಮೂಲೆಯಲ್ಲಿದ್ದು, ಓಣಿಯ ಹುಡುಗರ ಪಾಲಾಯಿತು. ಹೆಂಗಸರು ಈಗ ಬಹಿರಂಗವಾಗಿಯೇ ಚಂದ್ರಹಾರ ಕೊಂಡರು. ಕೊಳ್ಳುವ ಮುಂಚೆ ಒಮ್ಮೆ ತಲೆಕೆಳಗೆ ಮಾಡಿ ನೋಡುವ ರೂಢಿಯೊಂದು ಹೆಚ್ಚಾಯಿತು. ಮರುಮದುವೆ ತಪ್ಪು ಅನ್ನುವವರು ತಪ್ಪು ಅನ್ನುತ್ತಲೇ ಇದ್ದರು, ಚಂದ್ರಹಾರ ಹಚ್ಚಿಕೊಂಡೇ ಅನ್ನುತ್ತಿದ್ದರು.

ಸುದ್ದಿ ಬಾಲಾನಗರಕ್ಕೆ ಮುಟ್ಟಿ, ಒಂದು ದಿನ ಬೆಳಿಗ್ಗೆ ರಾಮಕೃಷ್ಣಯ್ಯನವರೇ ಸ್ಕೂಟರಿನ ಮೇಲೆ ಬಂದರು. ಬಿಳಿ ಕೂದಲಿನ, ಮೃದು ಮಾತಿನ ಮನುಷ್ಯ. ಬೆರಳಿನ ಸಂದಿಯಲ್ಲೆಲ್ಲ ಕುಂಕುಮದ ಕೆಂಪು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೈಮುಗಿದು ಹೇಳಿದರು: “ಅಮ್ಮಾ, ನೀವು ನಮಗೆ ಮಾಡಿದ್ದು ನಾವು ಮರೆಯೋದಿಲ್ಲ. ಈ ಕಲ್ಲಿನ ಮೇಲೆ ಬಿಸಿಲಲ್ಲಿ ಇನ್ನೆಷ್ಟು ದಿನ ಕೂತಿರ್ತೀರಿ? ಸುಲ್ತಾನ್ ಬಜಾರಲ್ಲಿ ಒಂದು ಅಂಗಡಿ ನೋಡಿದ್ದೇವೆ. ಗಾಜಿನ ಕಪಾಟು, ಫ್ಯಾನು, ಚಂದ್ರಹಾರದ ಬೋರ್ಡು. ಬಾಡಿಗೆ ನಮ್ಮದು. ನೀವು ಕೂತರೆ ಸಾಕು.”

ಸುಂದರಾಬಾಯಿ ಬತ್ತಿ ಹೊಸೆಯುತ್ತ ಕೇಳಿದಳು. ರಾಮಕೃಷ್ಣಯ್ಯನವರು ಸ್ವಲ್ಪ ಹತ್ತಿರಕ್ಕೆ ಬಗ್ಗಿ ದನಿ ತಗ್ಗಿಸಿದರು.

“ಇನ್ನೊಂದು ಮಾತು ಅಮ್ಮಾ, ತಪ್ಪು ತಿಳೀಬೇಡಿ. ಪತ್ತೆಯಿಲ್ಲದೆ ಹೋದವರ ಹೆಂಡಂದಿರಿಗೂ ನಮ್ಮ ನಿಧಿಯಿಂದ ಸಹಾಯ ಮಾಡ್ತೇವೆ. ಕೋರ್ಟಿನ ಖರ್ಚು ನಮ್ಮದೇ. ನಮ್ಮಲ್ಲಿ ಒಬ್ಬರು ಗುಮಾಸ್ತರಿದ್ದಾರೆ, ಹೆಂಡತಿ ತೀರಿಕೊಂಡಿದ್ದಾರೆ. ಬಹಳ ಸಾತ್ವಿಕರು. ಊಟದ್ದೊಂದು ಸ್ವಲ್ಪ ಕಟ್ಟುನಿಟ್ಟು, ಅಷ್ಟೇ. ನೀವು ಹೂಂ ಅಂದರೆ…”

ಸುಂದರಾಬಾಯಿ ಬತ್ತಿಯನ್ನು ಬುಟ್ಟಿಗೆ ಹಾಕಿ, ಕೈ ಕೊಡವಿ, ಅವರ ಮುಖವನ್ನು ನಗುನಗುತ್ತ ನೋಡಿದಳು.

“ಅಣ್ಣಾ, ನಿಮ್ಮ ಮನಸ್ಸು ಭಾಳ ದೊಡ್ಡದು, ಅದಕs ಬ್ಯಾಡ ಅನ್ನಾಕ ನಾಲಿಗಿ ತಡೀತೈತಿ. ಆದ್ರೂ ಬ್ಯಾಡ್ರಿ. ಅಂಗಡೀನೂ ಬ್ಯಾಡ, ಫ್ಯಾನೂ ಬ್ಯಾಡ. ನಿಮ್ಮ ಬೋರ್ಡಿನ ಕೆಳಗ ಕುಂತ್ರ, ನಾಳೆ ನಿಮ್ಮ ಕುಂಕುಮ ಹಣಿ ಸುಡಾಕತ್ತಿದ್ರ ಸುಡತೈತಿ ಅಂತ ನಾ ಬಾಯಿ ಬಿಡಾಂಗಿಲ್ಲ. ಸಮಾಜದವರಿಗೆ ಹೆದರಲಿಲ್ಲ, ನಿಮ್ಮ ಫ್ಯಾನಿಗೆ ಹೆದರಿ ಕುಂದ್ರಲೇನು? ಆ ರೊಕ್ಕ ಯಾವದರೆ ಎಳೀ ಹುಡುಗಿಗೆ ಕೊಡ್ರಿ, ಬೇಕು ಅಂತ ಬಾಯಿಬಿಟ್ಟು ಕೇಳಾಕಿಗೆ. ಇನ್ನ ಆ ಗುಮಾಸ್ತರಿಗೆ ನನ್ನ ನಮಸ್ಕಾರ ಹೇಳ್ರಿ. ನನಗ ಗಂಡ ಅದಾನ್ರಿ, ಎಲ್ಲ್ಯದಾನೋ ಅಲ್ಲಿ ತಣ್ಣಗಿರಲಿ. ಇಷ್ಟ ವರ್ಷದಾಗ ಒಮ್ಮೆ ದನಿ ಎತ್ತರಿಸಿಲ್ಲ, ಒಮ್ಮೆ ಪಲ್ಯಕ್ಕ ಉಪ್ಪು ಕಮ್ಮಿ ಅಂದಿಲ್ಲ. ಇಂಥಾ ಬಂಗಾರದಂಥಾ ಗಂಡನ್ನ ಬಿಟ್ಟು ಇನ್ನೊಬ್ಬನ್ನ ಎಲ್ಲಿ ಕಟ್ಟಿಗೊಳ್ಳಲಿ? ಹೋಗಿ ಬರ್ರಿ. ಹಂಗs ಆ ಸ್ಕೂಟರ್ ಒಂದೀಟು ಸರಸ್ರಿ, ಗಿರಾಕಿ ನಿಂತಾರ.”